ಭಾವನ ದನಿಯಲ್ಲಿ ಮನೆ ಹುಡುಕಿದ್ದು

ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೋಡುತ್ತಾರೆ, ಗೋಡೆಯ ತೇವ ಮುಟ್ಟಿ ನೋಡುತ್ತಾರೆ, ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಅಂತ ನೋಡುತ್ತಾರೆ. ಹೈದರಾಬಾದಿನಲ್ಲಿ ನಾನು ಮತ್ತು ನನ್ನ ಅಕ್ಕ ಮನೆ ನೋಡಿದ ರೀತಿಯೇ ಬೇರೆ. ಮಾಲೀಕರು ಕೀಲಿ ತೆಗೆದು ಒಳಗೆ ಕರೆದೊಯ್ದ ಮೇಲೆ ಅಕ್ಕ ಕೋಣೆಯ ನಡುವೆ ನಿಂತು ನನ್ನತ್ತ ತಿರುಗಿ, "ಹೂಂ, ಶುರು ಮಾಡು" ಅನ್ನುತ್ತಿದ್ದಳು. ನಾನು ಹೊರಗೆ ಬಂದು ಗೇಟಿನ ಬಳಿ ನಿಂತು, ಗಂಟಲು ಕೆರೆದುಕೊಂಡು, ಅವಳ ಗಂಡನಾಗಿಬಿಡುತ್ತಿದ್ದೆ.

"ಎಲ್ಲಿ ಅಡಗೀಯಲೇ ರಂಡೆ? ಹೊರಗ ಬಾ! ಇವತ್ತ ನಿನ್ನ ಕಾಲು ಮುರದ ಹೋಗಾಂವ ನಾ!"

ಆಮೇಲೆ ಇಬ್ಬರೂ ಸುಮ್ಮನೆ ನಿಂತು ನೋಡುತ್ತಿದ್ದೆವು. ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ.

ನನಗೆ ಬರುವುದು ಇದೊಂದೇ ವಿದ್ಯೆ. ಕಟ್ಟಿಗೆಯಂಥ ಮೈ, ಅದರ ತುದಿಗೆ ಮಡಕೆಯಂಥ ತಲೆ, ಆ ಮಡಕೆಯೊಳಗೆ ಊರಿನವರ ದನಿಗಳೆಲ್ಲ ತುಂಬಿದ್ದವು. ಹೆಡ್ಮಾಸ್ತರರ ಕೆಮ್ಮು, ಕಂಡಕ್ಟರನ ಮೂಗಿನ ಮಾತು, ಪೂಜಾರಿ ಮಂತ್ರದ ನಡುವೆ ಹೆಂಡತಿಯನ್ನು ಬೈಯುವ ವೈಖರಿ. ರಾಯಚೂರಿನಲ್ಲಿ ಇದಕ್ಕೆ ಒದೆ ಸಿಗುತ್ತಿತ್ತು, ಹೈದರಾಬಾದಿನಲ್ಲಿ ಸಂಬಳ ಸಿಕ್ಕಿತು. ಬಾಯಿಗೆ ಇಂಗ್ಲಿಷ್ ಹತ್ತಿದ ಹುಡುಗರನ್ನೆಲ್ಲ ವ್ಯಾನಿನಲ್ಲಿ ತುಂಬಿ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗೆ ಸುರಿಯುತ್ತಿದ್ದ ಕಾಲ ಅದು. ನಾನು ಕಾಲ್ ಸೆಂಟರಿಗೆ ಬಿದ್ದೆ. ರಾತ್ರಿಯಿಡೀ ಅಮೆರಿಕದ ಗಂಡಸಿನ ಹೆಸರು ಇಟ್ಟುಕೊಂಡು ಅಮೆರಿಕದ ಹೆಂಗಸರಿಂದ ಬೈಸಿಕೊಳ್ಳುವ ಕೆಲಸ. ಅವರು ಬೈಯುವ ರೀತಿ ಊಟದ ವೇಳೆ ಗೆಳೆಯರಿಗೆ ಮಾಡಿ ತೋರಿಸುತ್ತಿದ್ದೆ. ಟೀಮ್ ಲೀಡರನದನ್ನೂ ಮಾಡುತ್ತಿದ್ದೆ. ಒಮ್ಮೆ ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಆ ಕಥೆ ಬೇಡ.

ಹೈದರಾಬಾದನ್ನು ಪರದೇಶ ಅಂದರೆ ನಮ್ಮಜ್ಜ ನಗುತ್ತಿದ್ದ. ಅವನ ಕಾಲದಲ್ಲಿ ನಮಗೆ ಅದೇ ರಾಜಧಾನಿ. ಆದರೆ ಅಕ್ಕ ಬಸ್ಸಿಳಿದ ಬೆಳಿಗ್ಗೆ ಆ ಊರು ನನಗೂ ಪರದೇಶದ ಹಾಗೇ ಕಂಡಿತು. ಬಗಲಲ್ಲಿ ಗೋಣಿಚೀಲದೊಳಗೆ ಹೊಲಿಗೆ ಯಂತ್ರದ ತಲೆ, ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ.

"ಅಪ್ಪನ ಮನಿಗಿ ಯಾಕ ಹೋಗಲಿಲ್ಲ?" ಅಂದೆ.

"ಹೋದ್ರ ಏನಂತಾನ?"

ನಾನು ಅಪ್ಪನ ದನಿ ತೆಗೆದೆ. ಅಭ್ಯಾಸ, ಬಾಯಿ ನಿಲ್ಲುವುದಿಲ್ಲ. "ಹೊಂದಿಕೊಂಡು ಹೋಗಬೇಕವ್ವಾ. ಬಾ, ನಾನs ಬಂದು ಬಿಟ್ಟು ಬರ್ತೀನಿ."

"ಹಾಂ. ಬಿಟ್ಟು ಬರ್ತಾನ. ಪ್ರತಿ ಸಲಾನೂ ಬಿಟ್ಟು ಬಂದಾನ," ಅಂದಳು ಅಕ್ಕ. "ಅದಕ್ಕs ನಿನ್ನ ಕಡೆ ಬಂದೀನಿ. ನಿನಗ ನನ್ನ ಬಿಟ್ಟು ಬರೂವಷ್ಟು ಧೈರ್ಯ ಇಲ್ಲ."

ಅವಳ ಗಂಡ, ನನ್ನ ಭಾವ, ಸರ್ಕಾರಿ ನೌಕರ. ರಾಯಚೂರಿನಲ್ಲಿ ನೌಕರರ ಕಾಲನಿಯಲ್ಲಿ ಮನೆ. ಸಂಜೆ ಕುಡಿದು ಗೇಟಿನಿಂದಲೇ ಕೂಗುತ್ತ ಬರುತ್ತಿದ್ದ. ಅವನ ಕೂಗು ಕೇಳಿದ ಕೂಡಲೇ ಅಕ್ಕಪಕ್ಕದ ಮನೆಗಳಲ್ಲಿ ಟೀವಿಯ ದನಿ ಏರುತ್ತಿತ್ತು. ಸಭ್ಯರು ನೋಡಿ, ಕಂಡವರ ಸಂಸಾರದಲ್ಲಿ ಕೈ ಹಾಕುವವರಲ್ಲ. "ನನ್ನ ಹಲ್ಲು ಬಿದ್ದ ದಿನ ಬಾಜೂ ಮನ್ಯಾಗ ಯಾವ ಸೀರಿಯಲ್ ನಡದಿತ್ತು ಅಂತ ಈಗೂ ಹೇಳ್ತೀನಿ" ಅಂದಳು ಅಕ್ಕ. "ಸೊಸಿಗೆ ಅತ್ತಿ ಬಂಗಾರದ ಬಳಿ ಹಾಕಾಕತ್ತಿದ್ಲು."

ಭಾವ ಹುಡುಕಿಕೊಂಡು ಬರುವುದು ಖಂಡಿತ. ಹೈದರಾಬಾದಿನಲ್ಲಿ ನನ್ನ ಆಫೀಸು ಯಾವುದು ಅಂತ ಅವನಿಗೆ ಗೊತ್ತು, ಅಕ್ಕನಿಗೆ ಬೇರೆ ದಿಕ್ಕಿಲ್ಲದ್ದೂ ಗೊತ್ತು. ನನ್ನದು ರಾತ್ರಿ ಪಾಳಿ. ಮನೆಯಲ್ಲಿ ಇದ್ದರೂ ನನ್ನನ್ನು ಎತ್ತಿ ಪಕ್ಕಕ್ಕಿಡಲು ಅವನಿಗೆ ಒಂದು ಕೈ ಸಾಕು. ಹಾಗಾಗಿ ಅಕ್ಕನಿಗೆ ಮನೆ ಎಷ್ಟು ದೊಡ್ಡದು, ಬಿಸಿಲು ಬೀಳುತ್ತದೋ ಇಲ್ಲವೋ ಯಾವುದೂ ಬೇಕಾಗಿರಲಿಲ್ಲ. ಭಾವ ಬಂದ ದಿನ ಯಾರು ಹೊರಗೆ ಬರುತ್ತಾರೆ? ಅದೊಂದು ಗೊತ್ತಾದರೆ ಸಾಕಿತ್ತು. ಅದಕ್ಕೇ ಆ ಪರೀಕ್ಷೆ.

ಮನೆ ತೋರಿಸಲು ಒಬ್ಬ ಬ್ರೋಕರ್ ಸಿಕ್ಕಿದ್ದ. ಬಾಯಲ್ಲಿ ಸದಾ ಪಾನು, ಸ್ಕೂಟರಿನ ಕನ್ನಡಿಯಲ್ಲಿ ಸದಾ ತನ್ನ ಕೂದಲು. ತೆಲುಗು, ಹಿಂದಿ, ಇಂಗ್ಲಿಷು ಮೂರನ್ನೂ ಒಂದೇ ಉಗುಳಿನಲ್ಲಿ ಆಡುತ್ತಿದ್ದ. "ಫುಲ್ ಡೀಸೆಂಟ್ ಏರಿಯಾ ಭಾಯ್. ಏಕ್‌ದಮ್ ಶಾಂತಿ. ನೋ ಜಗಡಾ."

ಅಕ್ಕ ಕೇಳಿದಳು, "ಜಗಳ ಆಗೋ ಏರಿಯಾ ಇಲ್ಲೇನ್ರಿ?"

ಅವನು ಪಾನು ನುಂಗಿಬಿಟ್ಟ.

ಮೊದಲು ತಾರ್ನಾಕಕ್ಕೆ ಕರೆದೊಯ್ದ. ವಿಶ್ವವಿದ್ಯಾಲಯದ ಪಕ್ಕದ ಹಳೆಯ ಬಡಾವಣೆ, ಬೇವಿನ ಮರಗಳ ನೆರಳು, ಪುಸ್ತಕ ಓದಿ ಸೋತ ಮುಖದ ನಿವೃತ್ತರು. ಮೇಲಿನ ಅಂತಸ್ತಿನ ಎರಡು ಕೋಣೆ. ಬಾಡಿಗೆ ಜಾಸ್ತಿಯೇ, ಆದರೂ ರಾತ್ರಿ ಊಟ ಬಿಟ್ಟರೆ ನಡೆದೀತು ಅನ್ನಿಸಿತ್ತು. ನಾನು ಗೇಟಿಗೆ ಬಂದು ಶುರು ಮಾಡಿದೆ. ಎದುರು ಮನೆಯ ಕಿಟಕಿ ಮುಚ್ಚಿತು. ಅದರ ಪಕ್ಕದ್ದೂ ಮುಚ್ಚಿತು. ಕೆಳಗಿನ ಮನೆಯ ಮಾಲೀಕರು, ಬೆಳ್ಳಗಿನ ಪಂಚೆಯ ಹಿರಿಯರು, ಹೊರಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಬಹಳ ಮೆಲ್ಲಗೆ ಹೇಳಿದರು: ಸಂಸಾರದ ವಿಷಯವನ್ನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಿದರೆ ಒಳ್ಳೆಯದಲ್ಲವೇ?

ಅಕ್ಕ ಮೆಟ್ಟಿಲಿಳಿದು ಬಂದಳು. "ನಡಿ. ಇವರು ಅವಂಗ ಬಾಗಲಾ ಹಾಕಿ ಕೊಡೋ ಮಂದಿ."

ಆಮೇಲೆ ಶಂಶಾಬಾದ್. ವಿಮಾನ ನಿಲ್ದಾಣ ಆಗತಾನೇ ತೆರೆದಿತ್ತು, ಸುತ್ತಲೂ ಹೊಸ ಕಟ್ಟಡಗಳು ಅಣಬೆಯಂತೆ ಎದ್ದು ನಿಂತಿದ್ದವು. ಅಗ್ಗ, ಹೊಸ ಬಣ್ಣದ ವಾಸನೆ, ಬಚ್ಚಲಿಗೆ ಟೈಲ್ಸು. ಒಂದೇ ಕೊರತೆ ಅಂದರೆ ಮನುಷ್ಯರು. ನಾನು ಕೂಗಿದರೆ ಖಾಲಿ ಮಹಡಿಗಳಿಂದ ಭಾವ ನನಗೇ ಬೈದು ಕಳಿಸುತ್ತಿದ್ದ. ನಡುವೆ ತಲೆಯ ಮೇಲೆ ಒಂದು ವಿಮಾನ ಇಳಿಯಿತು, ನನ್ನ ದನಿ ನನಗೇ ಕೇಳಲಿಲ್ಲ. ಕಾವಲುಗಾರ ಖುರ್ಚಿಯಲ್ಲಿ ಕೂತಲ್ಲೇ ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಮತ್ತೆ ಮುಚ್ಚಿದ.

"ಇಲ್ಲಿ ನನ್ನ ಕೊಂದ್ರ ವಾಸನಿ ಬಂದ ಮ್ಯಾಲs ಗೊತ್ತಾಗೋದು," ಅಂದಳು ಅಕ್ಕ. "ಅದೂ ಬಣ್ಣದ ವಾಸನ್ಯಾಗ ಮುಚ್ಚಿ ಹೋಗ್ತದ."

ಸನತ್‌ನಗರವನ್ನು ಬ್ರೋಕರ್ ತೋರಿಸಲೇ ಒಪ್ಪಲಿಲ್ಲ. ಸಣ್ಣ ಸಣ್ಣ ಕಾರ್ಖಾನೆಗಳ ಊರು ಅದು, ಗಾಳಿಗೇ ಬಿಸಿ ಕಬ್ಬಿಣದ ರುಚಿ. ಶೆಡ್ಡುಗಳ ಹಿಂದೆ ಕೆಲಸಗಾರರ ಓಣಿಗಳು. ಫ್ಯಾಮಿಲಿಗೆ ಹೇಳಿದ್ದಲ್ಲ ಅಂದ. ಅಕ್ಕ ಹಟ ಹಿಡಿದು ಹೊರಡಿಸಿದಳು. ಓಣಿಯ ಬಾಯಿಗೆ ತಲುಪುವಾಗಲೇ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಅದರ ಹಿಂದೆ ಇಬ್ಬರು ಹೆಂಗಸರು ಒಬ್ಬರ ಕೂದಲು ಒಬ್ಬರು ಹಿಡಿದು ಕೆಸರಿನಲ್ಲಿ ಉರುಳುತ್ತಿದ್ದರು. ಒಬ್ಬಳ ಹುಬ್ಬು ಒಡೆದು ರಕ್ತ ಗಲ್ಲದವರೆಗೆ ಇಳಿದಿತ್ತು. ಉಳಿದವರು ಇದೇ ಸಂದರ್ಭವೆಂದು ತಮ್ಮ ಕೊಡ ಮುಂದೆ ತಳ್ಳುತ್ತಿದ್ದರು. ರಕ್ತ ಸುರಿಯುತ್ತಿದ್ದವಳು ಅದನ್ನು ಕಂಡದ್ದೇ ಎದುರಾಳಿಯ ಕೂದಲು ಬಿಟ್ಟು, ತಳ್ಳಿದವಳ ಕೆನ್ನೆಗೆ ಬಿಗಿದು, ಹಿಂದಿರುಗಿ ಮತ್ತೆ ಅದೇ ಕೂದಲು ಹಿಡಿದಳು.

ನಾನು ಸ್ಕೂಟರಿನಿಂದ ಇಳಿಯಲೇ ಇಲ್ಲ. "ಅಕ್ಕಾ, ನಡಿ ವಾಪಸ್. ಇಲ್ಲಿ ಭಾವ ಬರೂದರಾಗs ಇವರು ನಿನ್ನ ಮುಗಸ್ತಾರ."

ಅಕ್ಕ ಜಾತ್ರೆಗೆ ಬಂದ ಮಗುವಿನ ಹಾಗೆ ನೋಡುತ್ತಿದ್ದಳು. "ತಡಿಯೋ. ಯಾರೂ ಕಿಟಕಿ ಮುಚ್ಚಿಲ್ಲ ನೋಡು."

ಖಾಲಿ ಇದ್ದದ್ದು ಓಣಿಯ ನಡುವಿನ ಒಂದು ಕೋಣೆ, ಮೇಲೆ ಸಿಮೆಂಟ್ ಶೀಟು. ಮನೆಯೊಡತಿ ಯಾದಗಿರಿ ಕಡೆಯ ವಿಧವೆ, ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಾಟಲಿಯ ಮುಚ್ಚಳ ಆರಿಸಿ ಆರಿಸಿ ಬೆರಳು ಸೊಟ್ಟಗಾದವಳು. ನಾವು ಕನ್ನಡದವರೆಂದು ತಿಳಿದು ಖುಷಿಯಾಗಿ, "ಅಂದರ್ ಬರ್ರಿ, ಕೋಲಿ ನೋಡ್ರಿ" ಅಂದಳು. ಅಕ್ಕ ಒಳಗೆ ಹೋಗಿ ನಿಂತು ನನಗೆ ಕಣ್ಸನ್ನೆ ಮಾಡಿದಳು. ಬೇಡ ಬೇಡ ಅಂತ ನಾನು ತಲೆಯಾಡಿಸಿದೆ. ಮಾಡು ಅಂತ ಅವಳು ಹಲ್ಲು ಕಚ್ಚಿದಳು.

ನನ್ನ ತಪ್ಪೇನೆಂದರೆ ಆ ದಿನ ನಾನು ಬಹಳ ಚೆನ್ನಾಗಿ ಮಾಡಿದೆ. ಮುಂದೆ ಜನ ನೆರೆದಿದ್ದರೆ ಯಾವ ಕಲಾವಿದ ತಾನೇ ಕೈ ಹಿಡಿದು ಮಾಡುತ್ತಾನೆ? ತೂರಾಡುತ್ತ ಬಂದೆ. ಬಾಗಿಲಿಗೆ ಒದ್ದೆ. ಬೈದೆ. ಸಾಲದ್ದಕ್ಕೆ ಅಕ್ಕನ ಜಡೆಗೆ ಕೈ ಹಾಕಿದೆ.

ಮೊದಲ ಪೆಟ್ಟು ಹಿಂದಿನಿಂದ ಬಂತು. ಸ್ಟೀಲ್ ಕೊಡ, ತುಂಬಿದ್ದು. ಕಣ್ಣ ಮುಂದೆ ಟ್ಯೂಬ್‌ಲೈಟು ಹತ್ತಿ ಆರಿತು. ಬಿದ್ದವನ ಮೇಲೆ ಚಪ್ಪಲಿಗಳು, ಬರಿಗಾಲುಗಳು, ಬಟ್ಟೆ ಬಡಿಯುವ ದಪ್ಪ ಕೋಲು. ಈಗಷ್ಟೇ ಕೆಸರಿನಲ್ಲಿ ಹೊಡೆದಾಡುತ್ತಿದ್ದ ಇಬ್ಬರೂ ಒಟ್ಟಾಗಿ ಬಂದಿದ್ದರು. ಒಬ್ಬಳು ನನ್ನ ಎದೆಯ ಮೇಲೆ ಕೂತಳು, ಅಡುಗೆ ಬಿಟ್ಟು ಓಡಿಬಂದ ಮೂರನೆಯವಳು ಬಾಯಿಗೆ ಗುದ್ದಿದಳು. ಅವಳ ಕೈಗೆ ಖಾರದಪುಡಿ ಮೆತ್ತಿತ್ತು, ಒಡೆದ ತುಟಿಗೆ ಅದು ತಾಗಿ ನಾನು ಹಾಕಿದ ಬೊಬ್ಬೆ ಮಾತ್ರ ಯಾರ ಅನುಕರಣೆಯೂ ಅಲ್ಲ. "ಎವಡ್ರಾ ನುವ್ವು?" ಅಂತ ತೆಲುಗಿನಲ್ಲಿ ಒಬ್ಬಳು ಕೇಳುತ್ತಿದ್ದಳು. ಯಾರಲೇ ನೀನು ಅಂತ. ಉತ್ತರ ಹೇಳಲು ಬಾಯಿ ತೆರೆದರೆ ಮತ್ತೆ ಗುದ್ದುತ್ತಿದ್ದಳು.

ಅಕ್ಕ ತಕ್ಷಣ ಬಿಡಿಸಲಿಲ್ಲ. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ಸ್ವಲ್ಪ ಹೊತ್ತು ನೋಡಿ, ಹೊಡೆತದ ಗುಣಮಟ್ಟದಿಂದ ತೃಪ್ತಿಯಾದ ಮೇಲೆ, "ಬಿಡ್ರೀ ಅವ್ವಾ, ಅಂವ ನನ್ನ ಗಂಡ ಅಲ್ಲ, ತಮ್ಮ" ಅಂದಳು.

"ತಮ್ಮ?" ಕೋಲು ಹಿಡಿದ ಮನೆಯೊಡತಿ ನಿಂತಳು. "ಮತ್ತ ಇದೇನ್ ನಾಟಕ?"

ಅಕ್ಕ ಮಣಿಕಟ್ಟು ತೋರಿಸಿದಳು, ಹಲ್ಲಿನ ಕಿಂಡಿ ತೋರಿಸಿದಳು. ಎಲ್ಲ ಹೇಳಿದಳು. ಓಣಿ ಕೇಳಿತು. ಕೇಳಿದ ಮೇಲೆ, ಸುಳ್ಳು ಹೇಳಿ ತಮ್ಮೆಲ್ಲರನ್ನೂ ಓಡೋಡಿ ಬರುವಂತೆ ಮಾಡಿದ್ದಕ್ಕೆ ನನಗೆ ಬೇರೆಯಾಗಿ ಇನ್ನಷ್ಟು ಬಿತ್ತು.

"ಖರೇ ಗಂಡ ಬಂದ್ರ?" ಅಂದಳು ಮನೆಯೊಡತಿ.

"ಬಂದs ಬರ್ತಾನ್ರಿ."

"ಬರ್ಲಿ," ಅಂದು ಕೋಲನ್ನು ಗೋಡೆಗೆ ಒರಗಿಸಿ, ಕೀಲಿಯನ್ನು ಅಕ್ಕನ ಕೈಗಿಟ್ಟಳು. ಬ್ರೋಕರ್ ಅಷ್ಟರಲ್ಲಿ ಸ್ಕೂಟರ್ ಸಮೇತ ಮಾಯವಾಗಿದ್ದ.

ನನ್ನ ಮುಂದಿನ ಹಲ್ಲಿನ ಚೂರು ಹಾರಿಹೋಗಿತ್ತು. ಆಫೀಸಿನಲ್ಲಿ ಎಷ್ಟೋ ದಿನ ನಾನು ಮಾತಾಡಿದರೆ ನಡುವೆ ಸೀಟಿ ಬರುತ್ತಿತ್ತು, ಅಮೆರಿಕದವರು ಲೈನು ಸರಿಯಿಲ್ಲವೆಂದು ದೂರು ಕೊಟ್ಟರು.

ಓಣಿ ನಮ್ಮನ್ನು ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಅಲ್ಲಿ ದಿನ ಬೆಳಗಾದರೆ ಯಾರಾದರೂ ಯಾರಿಗಾದರೂ ಹೊಡೆಯುತ್ತಿದ್ದರು. ಗಂಡಸರು ಸಂಬಳದ ದಿನ ಹೊಡೆದಾಡಿದರೆ ಹೆಂಗಸರು ನೀರಿನ ದಿನ. ಯಂತ್ರಗಳೂ ಬಿಡುತ್ತಿರಲಿಲ್ಲ, ಬೆರಳು ಕಳೆದುಕೊಂಡ ಕೈಗೆ ಬಟ್ಟೆ ಸುತ್ತಿಕೊಂಡು ಯಾರೋ ಒಬ್ಬರು ಶೆಡ್ಡಿನಿಂದ ನಡೆದು ಬರುವುದನ್ನು ನಾನು ಪಾಳಿ ಮುಗಿಸಿ ಬರುವಾಗ ಕಂಡಿದ್ದೇನೆ. ಅಂಥ ಓಣಿಯಲ್ಲಿ ಅಕ್ಕ ಟ್ಯಾಂಕರಿನ ಸಾಲಿನ ಕೊನೆಗೆ ನಿಲ್ಲುತ್ತಿದ್ದಳು, ತಲೆ ತಗ್ಗಿಸಿ, ಸೆರಗು ಹೊದ್ದು. ಅವಳ ಕೊಡವನ್ನು ಒದ್ದು ಹಿಂದೆ ಹಾಕುತ್ತಿದ್ದರು. ಖಾಲಿ ಕೊಡ ತಂದು ಸುಮ್ಮನೆ ಮಷೀನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ಒದರಲು ಬರುತ್ತಿರಲಿಲ್ಲ. ಭಾವ ಹೊಡೆಯುವಾಗಲೂ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದವಳು, ಮಂದಿಗೆ ಕೇಳಬಾರದು ಅಂತ.

ಒಂದು ದಿನ ನಾನು ಏಳುವ ಹೊತ್ತಿಗೆ ಕೊಡ ತುಂಬಿತ್ತು. ಅಕ್ಕನ ಕತ್ತಿನ ಮೇಲೆ ಉದ್ದಕ್ಕೆ ಉಗುರಿನ ಗೀರು.

"ಯಾರು?" ಅಂದೆ.

"ಆಕೀನ್ನ ನೋಡಿ ಬಾ, ಆಮ್ಯಾಲೆ ಕೇಳು" ಅಂದಳು. ದನಿಯಲ್ಲಿ ಸ್ವಲ್ಪ ಗರ್ವವಿತ್ತು.

ಭಾವ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಓಣಿಯೆಲ್ಲ ಮನೆಯಲ್ಲಿದ್ದಾಗ.

ನಾವು ಕುಡಿದ ಭಾವನಿಗಾಗಿ ಓಣಿ ಹುಡುಕಿದ್ದೆವು. ಬಂದವನು ಕುಡಿದಿರಲಿಲ್ಲ. ಬಿಳಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಪೇಡೆಯ ಡಬ್ಬಿ. ಓಣಿಯ ಬಾಯಲ್ಲೇ ಚಪ್ಪಲಿ ಬಿಡುವಷ್ಟು ವಿನಯ. ಕೂಗಲಿಲ್ಲ. ಸಿಕ್ಕವರಿಗೆಲ್ಲ ಕೈ ಮುಗಿದು, ಮನೆಯೊಡತಿಯ ಕಾಲು ಮುಟ್ಟಿ, "ಅವ್ವಾರ, ನಮ್ಮ ಮನೀ ಲಕ್ಷ್ಮೀನ್ನ ಇಷ್ಟು ದಿನ ಕಾಪಾಡೀರಿ, ನಿಮ್ಮ ಋಣ ಹೆಂಗ ತೀರಸಲಿ?" ಅಂದ. ನಾನು ನಿದ್ದೆಯಿಂದ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವನಿಗೆ ಖುರ್ಚಿ ಬಂದಿತ್ತು, ಚಹಾ ಬಂದಿತ್ತು. ನನ್ನ ಬಾಯಿಗೆ ಗುದ್ದಿದ್ದವಳೇ ಚಹಾ ತಂದವಳು. "ಏನ್ರೀ ಸಣ್ಣ ಸಾಹೇಬ್ರ, ಆರಾಮ?" ಅಂತ ಭಾವ ನನ್ನ ಕೆನ್ನೆ ತಟ್ಟಿದ. ಮಿಮಿಕ್ರಿ ಮಾಡುವವನಿಗೆ ಮಿಮಿಕ್ರಿ ಗೊತ್ತಾಗುತ್ತದೆ. ಅವನ ಮುಂದೆ ನಾನು ಬಚ್ಚಾ.

ಅಕ್ಕ ಕೋಣೆಯೊಳಗೆ ಮಷೀನಿನ ಪಕ್ಕ ಗೋಡೆಗೆ ಅಂಟಿ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿತ್ತು.

"ಇಂವ ಅದs ಗಂಡಾರೀ," ಅಂದೆ ಮನೆಯೊಡತಿಗೆ. "ಇಂವಾ ಹೊಡ್ಯಾಂವ!"

"ಹೊಡದಿದ್ದ, ಈಗ ಬುದ್ಧಿ ಬಂದೈತಿ. ಕಾಲು ಮುಟ್ಟಿದ ಮನಷ್ಯಾಗ ಏನಂತ ಹೊಡೀಲಿ?" ಅಂದಳು ಅವಳು. "ಗಂಡ ಹೆಂಡ್ತಿ ಮಾತಾಡ್ಲಿ. ನೀ ಬಾ ಹೊರಗ." ನನ್ನ ಬನಿಯನನ್ನು ಕುತ್ತಿಗೆಯ ಹಿಂದೆ ಹಿಡಿದು, ನಾಯಿಮರಿಯ ಹಾಗೆ ಎಳೆದು ಹೊರಗೆ ನಿಲ್ಲಿಸಿದಳು. ಭಾವ ಒಳಗೆ ಹೋದ. ಚಿಲಕ ಬಿದ್ದ ಸದ್ದು ಬಂತು.

ಆಮೇಲೆ ಏನೂ ಕೇಳಲಿಲ್ಲ. ಅದೇ ಭಯ. ಎಲ್ಲರೂ ಪೇಡೆ ತಿನ್ನುತ್ತಿದ್ದರು. ಒಳಗೆ ಒಂದು ಪಾತ್ರೆ ಬಿದ್ದು ಉರುಳಿತು, ಉರುಳಿ ನಿಂತಿತು. ನಾನು ಬಾಗಿಲಿಗೆ ಗುದ್ದಿದೆ.

"ಹೊಡ್ಯಾಕತ್ತಾನ! ಒಳಗ ಹೊಡ್ಯಾಕತ್ತಾನ ಬರ್ರಿ!"

"ನಮಗೇನ್ ಕೇಳಸಾಕತ್ತಿಲ್ಲ," ಅಂದಳು ಮನೆಯೊಡತಿ.

"ಅಕ್ಕ ಒದರಂಗಿಲ್ಲರೀ! ಆಕಿ ಒದರೂದs ಇಲ್ಲ!"

"ಏ, ಒಂದ್ ಸಲ ನಾಟಕಾ ಮಾಡಿ ನಮ್ಮ ಕೈಲೆ ಹೊಡಿಸಿಕೊಂಡಿ. ಇನ್ನೊಂದ್ ಸಲ ಬೇಕಾ?" ಅಂತ ಚಹಾ ತಂದವಳು ನಕ್ಕಳು. ಒಬ್ಬಳು ನಕ್ಕದ್ದಕ್ಕೆ ಇನ್ನೊಬ್ಬಳೂ ನಕ್ಕಳು. ನಾನು ಹೆಗಲಿನಿಂದ ಬಾಗಿಲಿಗೆ ಢಿಕ್ಕಿ ಹೊಡೆದೆ. ಬಾಗಿಲು ಅಲುಗಲಿಲ್ಲ, ನನ್ನ ಹೆಗಲು ಅಲುಗಿತು. ಯಾರೋ ನನ್ನನ್ನು ಹಿಡಿದು ಹಿಂದಕ್ಕೆಳೆದರು. ಗಂಡ ಹೆಂಡತಿಯ ನಡುವೆ ಬರಬಾರದಂತೆ.

ಆಗ ಅಕ್ಕ ಬಾಯಿಬಿಟ್ಟಳು.

ಅದು ಅಳು ಅಲ್ಲ, ಕಾಪಾಡಿ ಅನ್ನುವ ಮೊರೆಯೂ ಅಲ್ಲ. ಟ್ಯಾಂಕರಿನ ಹಿಂದೆ ಕೆಸರಿನಲ್ಲಿ ನಿಂತು ಕಲಿತ ಒದರಾಟ ಅದು, ಹೊಟ್ಟೆಯ ತಳದಿಂದ ಬಂದದ್ದು. "ಕೈ ತಗೀಲೇ ಹಲ್ಕಟ್! ಚೆಯ್ಯಿ ತೀಯ್‌ರಾ! ಹಾಥ್ ನಿಕಾಲ್ ರೇ!" ಒಂದೇ ಮಾತು, ಮೂರು ಭಾಷೆಯಲ್ಲಿ. ಆಮೇಲೆ ಅವನ ತಾಯಿ, ಅವನ ಅಜ್ಜಿ, ಅವನು ಹುಟ್ಟಿದ ಗಳಿಗೆ, ಅವನ ಆಫೀಸಿನ ಖುರ್ಚಿ, ಯಾವುದನ್ನೂ ಬಿಡಲಿಲ್ಲ. ಮುದ್ರಿಸಲು ಬರುವಂಥದ್ದು ಇಷ್ಟೇ.

ಓಣಿಗೆ ಆ ದನಿ ಗೊತ್ತಿತ್ತು. ನಾನು ಎಷ್ಟು ಗುದ್ದಿದರೂ ಅಲುಗದ ಬಾಗಿಲು ಮನೆಯೊಡತಿಯ ಒಂದು ಒದೆಗೆ ಚಿಲಕದ ಸಮೇತ ಒಳಗೆ ಬಿತ್ತು.

ಭಾವ ಅಕ್ಕನ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ಮುಖವನ್ನು ಮಷೀನಿನ ಮೇಲೆ ಒತ್ತಿ ಹಿಡಿದಿದ್ದ. ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಅವನ ಬಿಳಿ ಅಂಗಿಯ ತೋಳು ಪೂರ್ತಿ ಕೆಂಪು. ಆ ರಕ್ತ ಅಕ್ಕನದಲ್ಲ. ಹೊಲಿಗೆಯ ಕತ್ತರಿ ಅವನ ಮುಂಗೈಯಲ್ಲಿ ನಾಟಿ ನಿಂತಿತ್ತು, ಅವನು ಅದನ್ನು ಕಂಡೂ ಕಾಣದವನ ಹಾಗೆ ಅವಳ ತಲೆಯನ್ನು ಒತ್ತುತ್ತಲೇ ಇದ್ದ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಕಡತಕ್ಕೆ ಮುದ್ರೆ ಒತ್ತುವವನ ಮುಖ.

ಮುಂದಿನದನ್ನು ನನಗೆ ಸರಿಯಾಗಿ ನೋಡಲಾಗಲಿಲ್ಲ, ಅಷ್ಟು ಜನ ಒಳಗೆ ನುಗ್ಗಿದ್ದರು. ಸದ್ದು ಕೇಳಿದೆ. ತುಂಬಿದ ಕೊಡ ಬೆನ್ನಿಗೆ ಬೀಳುವ ಸದ್ದು ನನಗೆ ಪರಿಚಯದ್ದೇ. ಕಾಲು ಹಿಡಿದು ಎಳೆದು ಹೊರಗೆ ತಂದಾಗ ಅಂಗಿ ಇರಲಿಲ್ಲ, ಮೂಗು ಪಕ್ಕಕ್ಕೆ ತಿರುಗಿತ್ತು, ವಿಭೂತಿಯ ಜಾಗದಲ್ಲಿ ಕೆಸರು. ಚಹಾ ತಂದವಳು ಅವನ ಬಾಯಿಗೆ ಮಿಕ್ಕ ಪೇಡೆಗಳನ್ನು ತುರುಕುತ್ತಿದ್ದಳು. ನಾನೂ ಸಂದಿಯಲ್ಲಿ ತೂರಿ ಅವನ ಪಕ್ಕೆಗೆ ಒದ್ದೆ. ಎರಡನೆಯ ಸಲ ಇನ್ನೂ ಜೋರಾಗಿ ಒದ್ದೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ರಸ್ತೆಯ ಬಾಯಿಗೆ ಎಸೆದ ಮೇಲೆ ಅವನು ಎದ್ದು ನಿಂತು, ಸುರಕ್ಷಿತ ದೂರದಿಂದ, ಕೊನೆಗೂ ಕೂಗಿದ. ಕಾಲು ಮುರಿಯುತ್ತೇನೆ ಅಂದ, ರಂಡೆ ಅಂದ. ಎಲ್ಲರೂ ಕಿವಿಗೊಟ್ಟು ಕೇಳಿದರು.

"ನೀ ಇದಕ್ಕಿಂತ ಚಂದ ಮಾಡಿದ್ದಿ" ಅಂದಳು ಮನೆಯೊಡತಿ ನನಗೆ.

ಸಂಜೆ ಒಬ್ಬ ಕಾನ್‌ಸ್ಟೇಬಲ್ ಬಂದ. ಯಾರು ಹೊಡೆದದ್ದು ಅಂತ ಕೇಳಿದ. ಓಣಿಗೆ ಓಣಿಯೇ ಆಕಾಶ ನೋಡಿತು. ಯಾರೋ ಲಾರಿ ಹಾದುಹೋದದ್ದನ್ನು ಕಂಡಿದ್ದರಂತೆ. ಅವನು ಅಕ್ಕನ ಕಣ್ಣು ನೋಡಿದ, ಮುರಿದ ಬಾಗಿಲು ನೋಡಿದ, ಚಹಾ ಕುಡಿದು ಹೋದ.

ಅಷ್ಟಾದರೂ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಹೊಡೆದವರಲ್ಲೇ ಅರ್ಧ ಜನ ಅಕ್ಕನ ಸುತ್ತ ಕೂತು ಬುದ್ಧಿ ಹೇಳತೊಡಗಿದರು. ಏಟು ಬಿದ್ದಿದೆ, ಇನ್ನು ಹುಷಾರಾಗಿರುತ್ತಾನೆ, ಸರ್ಕಾರಿ ನೌಕರಿ ಬೇರೆ, ವಾಪಸ್ಸು ಹೋಗು ಅಂತ. ಒಬ್ಬಳಂತೂ ಅವನು ಹಸಿದು ಹೋಗಿದ್ದಾನೆಂದು ಮರುಗಿದಳು. ನಾನು ಅಪ್ಪನ ದನಿಯಲ್ಲಿ "ಬಿಟ್ಟು ಬರ್ತೀನಿ ಬಾರವ್ವಾ" ಅಂದೆ, ಯಾರೂ ನಗಲಿಲ್ಲ. ಅಕ್ಕ ಮಾತ್ರ ಕೈಗೆ ಸಿಕ್ಕ ದಾರದ ಉಂಡೆಯನ್ನು ನನ್ನ ಮುಖಕ್ಕೆ ಬೀಸಿದಳು.

"ಅಂವ ಮತ್ತ ಬರ್ತಾನ್ರಿ" ಅಂದಳು ಮನೆಯೊಡತಿಗೆ. "ಕುಡದು ಬರ್ತಾನೋ, ಕುಡೀದs ಬರ್ತಾನೋ ಗೊತ್ತಿಲ್ಲ. ನಾ ಇಲ್ಲೇ ಇರ್ಲ್ಯಾ, ಖಾಲಿ ಮಾಡ್ಲ್ಯಾ? ಬಾಗಲಾನೂ ಮುರದೈತಿ."

ಮನೆಯೊಡತಿ ಒದ್ದೆ ಬಟ್ಟೆಯನ್ನು ಅಕ್ಕನ ಕಣ್ಣಿನ ಮೇಲೆ ಒತ್ತುತ್ತಿದ್ದಳು. ಸೊಟ್ಟ ಬೆರಳುಗಳು, ಒತ್ತುವುದು ಸರಿಯಾಗಿ ಬರುತ್ತಿರಲಿಲ್ಲ, ಅಕ್ಕ ನೋವಿಗೆ ಹಿಂದೆ ಸರಿಯುತ್ತಿದ್ದಳು.

"ಬಾಗಲಾ ನಾ ಮುರದೀನಿ, ನಾ ಹಚ್ಚಿಸ್ತೀನಿ. ಕೋಲಿ ಬಾಡಿಗಿ ನೀ ಕೊಡ್ತಿ, ಅದು ಆತು," ಅಂದಳು. "ಮಂದಿ ಬಂದ್ರಲ್ಲ, ಅದಕ್ಕ ರೊಕ್ಕ ನಡ್ಯಂಗಿಲ್ಲ. ಯಾರರ ಒದರಿದ್ರ ನೀನೂ ಹೋಗಬೇಕು. ಜ್ವರ ಇದ್ರೂ ಹೋಗಬೇಕು. ನಿನ್ನೆ ನಿನ್ನ ಕೊಡಾ ಒದ್ದಾಕಿ ಇದ್ರೂ ಹೋಗಬೇಕು. ಆಗೂದಿಲ್ಲಂದ್ರ ಬ್ಯಾರೆ ಕಡೆ ನೋಡ್ಕೋ. ಡೀಸೆಂಟ್ ಏರಿಯಾ ಭಾಳ ಅದಾವು."

ಮನೆಯೊಡತಿ ಬಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು ಎದ್ದು ಹೋದಳು. ಒಬ್ಬೊಬ್ಬರೇ ಎದ್ದು ಹೋದರು. ಬಾಗಿಲಿಲ್ಲದ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅಕ್ಕ ನೆಲದ ರಕ್ತ ಒರೆಸಿ, ಮಷೀನಿಗೆ ಸಿಕ್ಕಿದ್ದ ತನ್ನ ಕೂದಲನ್ನು ಎಳೆಯೆಳೆಯಾಗಿ ಬಿಡಿಸಿ, ರೊಟ್ಟಿಗೆ ಹಿಟ್ಟು ನಾದಲು ಕೂತಳು. ನನಗೆ ಹಸಿವೆಯಾಗಿತ್ತು. ಹಸಿವೆಯಾದಾಗ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ, ಅಕ್ಕನಿಗೆ ಅದು ಗೊತ್ತು.

ದೀಪ ಹಚ್ಚುವ ಹೊತ್ತಿಗೆ ಓಣಿಯ ಆ ತುದಿಯಿಂದ ಒಂದು ಕಿರುಚಾಟ ಬಂತು. ಹೆಂಗಸಿನ ದನಿ, ಹಿಂದೆಯೇ ಏನೋ ಒಡೆದ ಸದ್ದು. ಯಾರ ಮನೆ ಅಂತ ನನಗೆ ತಿಳಿಯಲಿಲ್ಲ. ಅಕ್ಕನಿಗೂ ತಿಳಿದಿರಲಾರದು, ಕಾಣುತ್ತಿದ್ದದ್ದು ಒಂದೇ ಕಣ್ಣು.

"ಅಕ್ಕಾ, ನೀ ಕುಂದ್ರು" ಅಂದೆ. "ಇವತ್ತೊಂದಿನ ಮಾಫಿ ಇರ್ತದ."

ಅವಳು ಹಿಟ್ಟಿನ ಕೈಯಲ್ಲೇ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಒಂದು ಕೈಯಿಂದ ಗೋಡೆ ತಡವುತ್ತ, ಇನ್ನೊಂದರಲ್ಲಿ ಲಟ್ಟಣಿಗೆ ಹಿಡಿದು ಹೊಸ್ತಿಲು ದಾಟಿ ಓಡಿದಳು. ಓಣಿಯ ಉದ್ದಕ್ಕೂ ಬಾಗಿಲುಗಳು ತೆರೆಯುವ ಸದ್ದು ಕೇಳುತ್ತಿತ್ತು. ನಾನು ಚಪ್ಪಲಿ ಹುಡುಕುವುದನ್ನು ಬಿಟ್ಟು ಬರಿಗಾಲಲ್ಲೇ ಅವಳ ಹಿಂದೆ ಹೊರಟೆ.